ಎಂಟು ಮೂಲೆಯ ಬಟನ್

ಆ ಬೀದಿಯಲ್ಲಿ ಬೋರ್ಡು ಬರೆಯುವ ಅಂಗಡಿ ಇದ್ದದ್ದು ಒಂದೇ. ಅದಕ್ಕೆ ದಾರಿ ತೋರಿಸುವ ಕಷ್ಟ ಯಾರಿಗೂ ಇರಲಿಲ್ಲ. ಬಣ್ಣದ ವಾಸನೆ ಹಿಡಿದು ಬಂದರೂ ಅಲ್ಲಿಗೇ, ಕೂಗಾಟದ ಸದ್ದು ಹಿಡಿದು ಬಂದರೂ ಅಲ್ಲಿಗೇ. ವಾಸನೆ ಅಂಗಡಿಯದು, ಕೂಗಾಟ ಮನೆಯ ಕಿರಿಮಗನದು. ಅವನಿಗೆ ಹೆತ್ತವರಿಟ್ಟ ಹೆಸರೊಂದಿತ್ತು, ಆದರೆ ಅದು ಯಾರ ಬಾಯಲ್ಲೂ ಉಳಿದಿರಲಿಲ್ಲ. ಎಲ್ಲರಿಗೂ ಅವನು ಕಿಡಿ.

ಕಿಡಿ ಶಾಲೆ ಬಿಟ್ಟದ್ದೂ ಸಿಟ್ಟಿನಲ್ಲೇ. ಕಪ್ಪು ಹಲಗೆಯ ಮೇಲೆ ಮೇಷ್ಟ್ರು ಬರೆದ ಅಕ್ಷರ ಸೊಟ್ಟಗಿದೆ ಅಂದ. ಹೊರಗೆ ಹೋಗಿ ನಿಲ್ಲು ಅಂದರು ಅವರು. ಹೊರಗೆ ಹೋದವನು ನಿಲ್ಲಲೇ ಇಲ್ಲ, ಸೀದಾ ಅಂಗಡಿಗೆ ಬಂದು ಅಪ್ಪನ ಪಕ್ಕ ಕೂತು ಕುಂಚ ಹಿಡಿದ. ಅಪ್ಪ ಒಂದು ಮಾತೂ ಬೈಯಲಿಲ್ಲ. "ನಿಜವಾಗ್ಲೂ ಸೊಟ್ಟಗಿತ್ತಾ?" ಅಂತ ಮಾತ್ರ ಕೇಳಿದರು.

ಅಪ್ಪನಿಗೆ ಈಗ ಕೈ ನಡುಗುತ್ತಿತ್ತು. ಅಕ್ಷರ ಬರೆಯುವುದನ್ನು ಬಿಟ್ಟು, ಬೆತ್ತದ ಕುರ್ಚಿಯಲ್ಲಿ ಕೂತು ತಪ್ಪು ಹುಡುಕುವ ಕೆಲಸಕ್ಕೆ ಬಡ್ತಿ ಪಡೆದಿದ್ದರು. ಅವರ ಕಾನೂನು ಒಂದೇ: ರಸ್ತೆಯ ಆಚೆ ಬದಿಯಲ್ಲಿ ನಿಂತವನ ಕಣ್ಣಿಗೆ ಬೀಳದಿದ್ದರೆ ಅದು ಬೋರ್ಡೇ ಅಲ್ಲ. ಹಾಗಾಗಿ ಯಾವ ಬೋರ್ಡೂ ಪರೀಕ್ಷೆಯಾಗದೆ ಅಂಗಡಿ ಬಿಡುತ್ತಿರಲಿಲ್ಲ. ಅಣ್ಣ ಅದನ್ನು ಎತ್ತಿ ಹಿಡಿದು ಬಾಗಿಲಲ್ಲಿ ನಿಲ್ಲಬೇಕು. ಅಪ್ಪ ರಸ್ತೆ ದಾಟಿ ಕ್ಷೌರಿಕನ ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದಬೇಕು. ಕ್ಷೌರಿಕನ ಗಿರಾಕಿಗಳು ಅರ್ಧ ಸೋಪು ಮೆತ್ತಿದ ಮುಖ ಹೊರಗೆ ಹಾಕಿ ತಾವೂ ಓದುತ್ತಿದ್ದರು. ಅವರೂ ಹೂಂ ಅಂದರೆ ಬೋರ್ಡು ಪಾಸು.

ಅಣ್ಣನ ಕೆಲಸ ಹಲಗೆ ಕೊಯ್ಯುವುದು, ಚೌಕಟ್ಟು ಹೊಡೆಯುವುದು, ಏಣಿ ಹತ್ತಿ ಬೋರ್ಡು ಕೂರಿಸುವುದು. ಇಡೀ ದಿನಕ್ಕೆ ಅವನ ಬಾಯಿಂದ ಬರುವುದು ಹೂಂ, ಊಹೂಂ, ಊಟ. ಮಿಕ್ಕ ಮಾತೆಲ್ಲ ಅತ್ತಿಗೆಯ ಪಾಲಿಗೆ ಬಂದಿತ್ತು. ಗಿರಾಕಿಗಳ ಜೊತೆ ಮಾತು, ಬಣ್ಣದ ಡಬ್ಬಿಗಳ ಲೆಕ್ಕ, ಮೂಲೆಯ ಮೇಜಿನ ಮೇಲಿನ ಹಳೆಯ ಕಂಪ್ಯೂಟರು, ಎಲ್ಲ ಅವಳದೇ. ಆದರೆ ಅವಳು ಎದ್ದು ಆಚೆ ಹೋದಾಗ ಬಂದ ಮೇಲ್‌ಗಳನ್ನು ಓದುತ್ತಿದ್ದವನು ಕಿಡಿ. ಕಥೆಯ ತೊಡಕು ಇರುವುದೇ ಅಲ್ಲಿ.

ಆ ಬೆಳಗ್ಗೆ ಕಿಡಿ ಅಂಗಡಿಯ ಉದ್ದಗಲ ಅಳೆಯುತ್ತಿದ್ದ.

"ಇವತ್ತು ಹೋಗ್ತೀನಿ. ಆ ಮೃಗಾಲಯದ ಮೇಡಂ ಎದುರು ನಿಂತು ಕೇಳ್ತೀನಿ. ಬೇಡ ಅಂದ್ರೆ ಬೇಡ ಅನ್ಲಿ. ಏನೂ ಅನ್ನದೆ ಕೂತ್ಕೊಳ್ಳೋದು ಯಾವ ಸೀಮೆ ನ್ಯಾಯ?"

"ಕೂಗ್ಬೇಡ್ವೋ, ವಾರ್ನಿಶ್ ಮೇಲೆ ಗುಳ್ಳೆ ಏಳುತ್ತೆ" ಅಂದಳು ಅತ್ತಿಗೆ, ತಲೆ ಎತ್ತದೆ.

"ನಿಮಗೆ ತಮಾಷೆ ಅತ್ತಿಗೆ! ನನ್ನ ಹೊಟ್ಟೆ ಉರೀತಿದೆ."

ಅವನ ಹೊಟ್ಟೆ ಉರಿಯುತ್ತಿದ್ದದ್ದು ಸುಳ್ಳಲ್ಲ. ಊರಂಚಿನ ಗುಡ್ಡದ ಮೇಲಿನ ಮೃಗಾಲಯದವರು ಹಳೆಯ ತಗಡುಗಳನ್ನೆಲ್ಲ ಕಿತ್ತು, ಪ್ರತಿಯೊಂದು ಪ್ರಾಣಿಯ ಮನೆಯ ಮುಂದೆಯೂ ಕೈಯಲ್ಲಿ ಬರೆದ ಮರದ ಬೋರ್ಡು ಹಾಕಿಸುತ್ತಾರೆ ಅನ್ನುವ ಸುದ್ದಿ ಬಂದಿತ್ತು. ಅಕ್ಷರದ ಜೊತೆ ಪ್ರಾಣಿಯ ಚಿತ್ರವೂ ಬೇಕಂತೆ. ಕುಂಚ ಹಿಡಿದಾಗಿನಿಂದ ಕಿಡಿ ಬರೆದದ್ದೇನು? ಇಲ್ಲಿ ವಾಹನ ನಿಲ್ಲಿಸಬೇಡಿ. ಇಲ್ಲಿ ಉಗುಳಬೇಡಿ. ಮನೆ ಬಾಡಿಗೆಗೆ ಇದೆ. ನಾಯಿ ಇದೆ ಎಚ್ಚರಿಕೆ. ಆ ನಾಯಿಯ ಚಿತ್ರವನ್ನೂ ಬರೆಯಲು ಯಾರೂ ಬಿಡುತ್ತಿರಲಿಲ್ಲ, ಅಕ್ಷರ ಸಾಕು ಅನ್ನುತ್ತಿದ್ದರು. ಉಳಿದ ಬಣ್ಣದಲ್ಲಿ ಅವನು ಅಂಗಡಿಯ ಹಿಂಗೋಡೆಯ ತುಂಬ ಹಕ್ಕಿ, ಕುದುರೆ, ಕಪ್ಪೆ ಬರೆದಿಟ್ಟಿದ್ದ. ಗೋಡೆ ಬಿಟ್ಟರೆ ಅವನ್ನು ನೋಡಿದವರಿಲ್ಲ. ಮೃಗಾಲಯದ ಸುದ್ದಿ ಕಿವಿಗೆ ಬಿದ್ದ ದಿನ ಅವನು ನೀರುನಾಯಿಯ ಚಿತ್ರವೊಂದನ್ನು ಹಲಗೆಯ ಮೇಲೆ ಬರೆದು, ಕಂಕುಳಲ್ಲಿ ಸಿಕ್ಕಿಸಿಕೊಂಡು ಗುಡ್ಡ ಹತ್ತಿದ್ದ. ಅಲ್ಲಿನ ಮೇಡಂ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಫೋನಿನಲ್ಲಿ ಫೋಟೋ ತೆಗೆದುಕೊಂಡು, "ಮೇಲ್ ವಿಳಾಸ ಕೊಟ್ಟು ಹೋಗಿ, ನಾವೇ ಬರೀತೀವಿ" ಅಂದಿದ್ದರು.

ಅಂದಿನಿಂದ ಇಂದಿನವರೆಗೆ ಒಂದು ಸಾಲೂ ಬಂದಿರಲಿಲ್ಲ.

"ಫ್ಲೆಕ್ಸ್ ಹೊಡೆಯೋನಿಗೆ ಕೊಟ್ಟಿರ್ತಾರೆ" ಅಂದರು ಅಪ್ಪ ಕುರ್ಚಿಯಿಂದ. "ಯಂತ್ರ ಉಗುಳಿದ ಹುಲೀನ ಪಂಜರದ ಮುಂದೆ ನೇತು ಹಾಕ್ತಾರೆ. ಒಂದು ಬಿಸಿಲಿಗೆ ಹುಲಿ ಬೆಕ್ಕಾಗುತ್ತೆ."

ಇದು ಬೆಂಕಿಗೆ ಎಣ್ಣೆ ಸುರಿದಂತಾಯಿತು. ಕಿಡಿ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ.

ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡ. ಮೊದಲು ಯಾವುದು, ಆಮೇಲೆ ಯಾವುದು, ಎಲ್ಲಿ ದನಿ ಏರಿಸಬೇಕು, ಯಾವ ಮಾತಿಗೆ ಬಾಗಿಲು ಬಡಿದು ಹೊರಬರಬೇಕು, ಎಲ್ಲ ಸಿದ್ಧವಾಯಿತು. ಆದರೆ ಮೇಡಂ ಬಾಗಿಲಿರುವ ಜಾಗದಲ್ಲಿ ಇರಲಿಲ್ಲ. ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ನೀರುನಾಯಿಗಳ ಕೊಳದ ಅಂಚಿನಲ್ಲಿ ಮೀನಿನ ಬೋಗುಣಿ ಹಿಡಿದು ನಿಂತಿದ್ದರು.

"ಮೇಡಂ, ನಾನು ಮುಖಕ್ಕೆ ಮುಖ ಕೊಟ್ಟು ಕೇಳ್ತೀನಿ..."

"ಕೇಳಿ, ಕೇಳಿ. ಮೊದಲು ಇದನ್ನ ಸ್ವಲ್ಪ ಹಿಡ್ಕೊಳ್ಳಿ" ಅಂತ ಬೋಗುಣಿಯನ್ನು ಅವನ ಕೈಗಿಟ್ಟು ಬೂಟಿನೊಳಗಿನ ಕಲ್ಲು ತೆಗೆಯಲು ಬಗ್ಗಿದರು.

ಕೈಯಲ್ಲಿ ಮೀನಿನ ಬೋಗುಣಿ ಹಿಡಿದು ಜಗಳ ಆಡುವುದು ಹೇಗೆ ಅಂತ ಕಿಡಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೇಲಾಗಿ ಬೋಗುಣಿ ಕಂಡ ನೀರುನಾಯಿಗಳು ಎದ್ದು ನಿಂತು ಅವನಿಗಿಂತ ಜೋರಾಗಿ ಅರಚತೊಡಗಿದವು. ಜೋಡಿಸಿಟ್ಟ ಬೈಗುಳಗಳ ಸಾಲು ತಪ್ಪಿಹೋಗಿ, ಕೊನೆಯದು ಮೊದಲು ಹೊರಬಿತ್ತು.

"ನಮ್ಮನ್ನ ಏನಂತ ತಿಳ್ಕೊಂಡಿದೀರಿ? ಬಡವರು ಅಂದ್ರೆ ಉತ್ತರ ಕೊಡೋದೂ ಬೇಡ್ವಾ?"

ಮೇಡಂ ತಲೆ ಎತ್ತಿ ಅವನನ್ನು ದಿಟ್ಟಿಸಿದರು. "ಓ, ನೀರುನಾಯಿ ಹಲಗೆಯವರು! ಅಲ್ಲಾ ಸ್ವಾಮಿ, ಈ ಮಾತು ನಾನು ಕೇಳ್ಬೇಕು. ಒಂದ್ಸಲ ಬರೆದೆ. ಉತ್ತರ ಇಲ್ಲ. ಇನ್ನೊಂದ್ಸಲ ಬರೆದೆ. ಅದಕ್ಕೂ ಇಲ್ಲ. ಇಷ್ಟು ಒಳ್ಳೆ ಕೈ ಇರೋ ಹುಡುಗನಿಗೆ ಇಷ್ಟು ಸೊಕ್ಕಾ ಅಂತ ಬೇಜಾರು ಮಾಡ್ಕೊಂಡು ಕೂತಿದೀನಿ."

"ಬರೆದ್ರಾ? ಯಾರಿಗೆ ಬರೆದ್ರಿ?"

"ನಿಮಗೇ! ನೀವು ಕೊಟ್ಟ ವಿಳಾಸಕ್ಕೇ. ಸ್ಪ್ಯಾಮ್ ಪೆಟ್ಟಿಗೆ ತೆಗೆದು ನೋಡಿ, ಅಲ್ಲಿ ಬಿದ್ದಿರುತ್ತೆ. ಬೇಗ ನೋಡಿ. ಇವತ್ತು ಸಂಜೆ ಐದಕ್ಕೆ ನಮ್ಮ ಸಮಿತಿ ಕೂರುತ್ತೆ. ಅಷ್ಟರೊಳಗೆ ನಿಮ್ಮ ಉತ್ತರ ಬಾರದಿದ್ರೆ ಕೆಲಸ ಫ್ಲೆಕ್ಸ್‌ನವರಿಗೆ."

"ಈಗಲೇ ಬಾಯಲ್ಲೇ ಹೇಳ್ತೀನಲ್ಲ ಮೇಡಂ. ಒಪ್ಪಿದೆ! ಏನೇ ಇರಲಿ ಒಪ್ಪಿದೆ!"

"ಬಾಯಿ ಮಾತು ಆಗಲ್ಲ. ಸಮಿತಿಯವರು ಕಚೇರಿಯ ಮೇಲ್ ತೆಗೆದು ಅದರಲ್ಲಿ ಏನು ಬಂದಿದೆಯೋ ಅದನ್ನೇ ನೋಡೋದು. ನಿಮ್ಮೊಬ್ಬರದು ಬಾಯಲ್ಲಿ ತಗೊಂಡ್ರೆ ಮಿಕ್ಕವರು ನನ್ನನ್ನ ಈ ಕೊಳಕ್ಕೆ ತಳ್ತಾರೆ. ಆಮೇಲೆ, ಬರೀ ಒಪ್ಪಿದೆ ಅಂದ್ರೆ ಸಾಲದು. ಚಿತ್ರ ತಿದ್ದಿ ಅದರ ಫೋಟೋನೂ ಕಳಿಸ್ಬೇಕು."

"ತಿದ್ದೋದಾ?" ಕಿಡಿಯ ಮೂಗು ಅರಳಿತು. "ನನ್ನ ಚಿತ್ರದಲ್ಲಿ ತಿದ್ದೋಕೆ ಏನಿದೆ?"

ಮೇಡಂ ಬೋಗುಣಿಯಿಂದ ಒಂದು ಮೀನು ತೆಗೆದು ಕೊಳಕ್ಕೆ ಎಸೆದರು. ಒಂದು ನೀರುನಾಯಿ ಬೆಣ್ಣೆಯಂತೆ ಜಾರಿ ನೀರಿಗಿಳಿದು, ಮೀನು ಕಚ್ಚಿ, ದಡ ಹತ್ತಿ, ಅವರಿಬ್ಬರಿಗೂ ಬೆನ್ನು ಹಾಕಿ ಕೂತಿತು.

"ಬಾಲ ನೋಡಿ" ಅಂದರು ಮೇಡಂ.

ಕಿಡಿ ನೋಡಿದ. ಬುಡದಲ್ಲಿ ಅವನ ತೋಳಿನಷ್ಟು ದಪ್ಪ. ಸೊಂಟ ಮುಗಿದದ್ದೆಲ್ಲಿ, ಬಾಲ ಶುರುವಾದದ್ದೆಲ್ಲಿ ಅಂತ ಹೇಳಲಾಗದ ಹಾಗೆ ಮೈಯೇ ಸಣ್ಣಗಾಗುತ್ತಾ ಹೋಗಿ ತುದಿ ಮುಟ್ಟಿತ್ತು. ತಾನು ಬರೆದದ್ದು ನೆನಪಾಯಿತು. ಬೀದಿನಾಯಿಯ ಬಾಲ. ಅದೂ ಸ್ವಲ್ಪ ಸುರುಳಿ ಸುತ್ತಿದ ಬಾಲ. ಅವನ ಕಿವಿ ಬಿಸಿಯಾದವು. ತಪ್ಪು ಒಪ್ಪಿಕೊಳ್ಳುವುದು ಅವನ ಜಾಯಮಾನದಲ್ಲಿ ಇರಲಿಲ್ಲ. "ಬೋಗುಣಿ ತಗೊಳ್ಳಿ ಮೇಡಂ, ಕೆಲಸ ಇದೆ" ಅಂತಷ್ಟೇ ಹೇಳಿ ಗುಡ್ಡ ಇಳಿದು ಓಡಿದ.

ಅಂಗಡಿಗೆ ಏದುಸಿರು ಬಿಡುತ್ತಾ ಬಂದು ನಡೆದದ್ದೆಲ್ಲ ಒದರಿದ. ಅತ್ತಿಗೆ ಕಂಪ್ಯೂಟರಿನಲ್ಲಿ ಸ್ಪ್ಯಾಮ್ ಪೆಟ್ಟಿಗೆ ತೆಗೆದಳು. ತೆಗೆದವಳೇ ಎರಡು ಕೈಯನ್ನೂ ಬಾಯಿಯ ಮೇಲೆ ಇಟ್ಟುಕೊಂಡಳು.

"ಅಯ್ಯೋ ದೇವರೇ. ಊರಿಗೆ ಊರೇ ಇಲ್ಲಿ ಬಿದ್ದಿದೆಯಲ್ಲೋ!"

ನಿಜವೇ. ಹಲ್ಲಿನ ಡಾಕ್ಟರು ಅಲ್ಲಿದ್ದರು. ಟೈಲರಮ್ಮ ಅಲ್ಲಿದ್ದಳು. ಸೈಕಲ್ ಅಂಗಡಿಯವನು, ಶಾಲೆಯ ಹೆಡ್‌ಮಿಸ್ಸು, ಔಷಧಿ ಅಂಗಡಿಯ ಅಜ್ಜ, ದಿನಾ ಬೆಳಗ್ಗೆ ಗುಲಾಬಿ ಹೂವಿನ ಚಿತ್ರ ಕಳಿಸುವ ಸ್ವಂತ ಚಿಕ್ಕಪ್ಪ, ಎಲ್ಲರೂ ಇದ್ದರು. ಅವರ ನಡುವೆ, ಸಂತೆಯಲ್ಲಿ ತಪ್ಪಿಸಿಕೊಂಡ ಮಕ್ಕಳ ಹಾಗೆ, ಮೃಗಾಲಯದ ಎರಡು ಮೇಲ್.

"ಇವರನ್ನೆಲ್ಲ ಇಲ್ಲಿ ತಂದು ಕೂಡಿಹಾಕಿದ್ದು ಯಾರು?"

ಕಿಡಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. "ಕೂಡಿಹಾಕಿಲ್ಲ. ಎಚ್ಚರಿಕೆ ಕೊಟ್ಟಿದ್ದೆ."

"ಏನು ಕೊಟ್ಟಿದ್ದೆ?"

"ಎಚ್ಚರಿಕೆ ಅತ್ತಿಗೆ! ಅಲ್ಲಿ ಮೇಲ್ಗಡೆ ಒಂದು ಬಟನ್ ಇದೆಯಲ್ಲ, ಎಂಟು ಮೂಲೆದು, ಒಳಗೆ ಉದ್ಗಾರ ಚಿಹ್ನೆ. ಅದನ್ನ ಒತ್ತಿದೆ."

ಅತ್ತಿಗೆ ಪರದೆಯನ್ನು ನೋಡಿದಳು, ಮೈದುನನನ್ನು ನೋಡಿದಳು, ಮತ್ತೆ ಪರದೆಯನ್ನು ನೋಡಿದಳು. ಅವನು ಗೋಡೆಗೆ ಒರಗಿಸಿಟ್ಟ ಬೋರ್ಡೊಂದನ್ನು ತೋರಿಸಿದ. ರೈಲು ಹಳಿ ದಾಟುವ ಜಾಗಕ್ಕೆಂದು ಅವನೇ ಬರೆದದ್ದು: ಎಂಟು ಮೂಲೆ, ಕೆಂಪು ಬಣ್ಣ, ನಡುವೆ ದಪ್ಪನೆಯ ಉದ್ಗಾರ ಚಿಹ್ನೆ. ಎಚ್ಚರಿಕೆಗೆ ಇರುವ ಆಕಾರವೇ ಅದು, ಯಾವ ಬೋರ್ಡು ಬರೆಯುವವನನ್ನು ಬೇಕಾದರೂ ಕೇಳಿ. ಆ ಬಟನ್ ಒತ್ತಿದರೆ ಮೇಲ್ ಕಳಿಸಿದವನ ಕಂಪ್ಯೂಟರಿನಲ್ಲಿ ಅಂಥದೊಂದು ಕೆಂಪು ಬೋರ್ಡು ಎದ್ದು ನಿಂತು, 'ಹುಷಾರ್, ಬೋರ್ಡು ಅಂಗಡಿಯವರಿಗೆ ಸಿಟ್ಟು ಬಂದಿದೆ' ಅನ್ನುತ್ತದೆ ಅಂತ ಅವನು ಇಷ್ಟು ದಿನ ನಂಬಿದ್ದ. ಒತ್ತಿದ ಮೇಲೆ ಮೇಲ್ ಕಣ್ಮರೆಯಾಗುತ್ತಿದ್ದದ್ದೂ ಅವನಿಗೆ ಸಮಾಧಾನವೇ ಆಗಿತ್ತು. ಹೆದರಿ ಹಿಂದಕ್ಕೆ ಹೋಯಿತು ಅಂದುಕೊಳ್ಳುತ್ತಿದ್ದ.

ಅತ್ತಿಗೆ ನಗಲು ಶುರು ಮಾಡಿದಳು. ನಕ್ಕು ನಕ್ಕು ಮೇಜಿನ ಮೇಲೆ ತಲೆಯಿಟ್ಟಳು. "ಹಲ್ಲಿನ ಡಾಕ್ಟರು ಏನಂತ ಬರೆದಿದ್ರಪ್ಪಾ, ಎಚ್ಚರಿಕೆ ಕೊಡೋಕೆ?"

"ಬೋರ್ಡಿನಲ್ಲಿರೋ ಹಲ್ಲನ್ನ ದಯವಿಟ್ಟು ಸ್ವಲ್ಪ ಬಿಳಿ ಮಾಡಿ ಅಂತ. ಬಿಳಿಗಿಂತ ಬಿಳಿ ಎಲ್ಲಿಂದ ತರ್ಲಿ ನಾನು?"

"ಟೈಲರಮ್ಮ?"

"ಸೂಜಿ ಸ್ವಲ್ಪ ದೊಡ್ಡದು ಮಾಡಿ ಅಂತ. ದಬ್ಬಳ ಬರೀಬೇಕಿತ್ತಾ?"

"ಚಿಕ್ಕಪ್ಪ?"

"ಗುಲಾಬಿ."

"ಅದೊಂದು ಸರಿ" ಅಂದರು ಅಪ್ಪ. "ಅವನು ಅಲ್ಲೇ ಇರ್ಲಿ."

ಅತ್ತಿಗೆ ಕಣ್ಣು ಒರೆಸಿಕೊಂಡು ಕುರ್ಚಿ ಹತ್ತಿರ ಎಳೆದಳು. "ಕೇಳು ಕಿಡಿ. ಈ ಬಟನ್ ಯಾರಿಗೂ ಬೈಯಲ್ಲ. ಇದು ನಮ್ಮ ಬಾಗಿಲಲ್ಲಿರೋ ಕಾವಲಿನವನಿಗೆ ಪಾಠ ಹೇಳಿಕೊಡೋ ಬಟನ್. ಇಂಥವರನ್ನ ಒಳಗೆ ಬಿಡಬೇಡ ಅಂತ. ನೀನು ಹೇಳಿಕೊಟ್ಟ ಪಾಠ ಏನು? ದಯವಿಟ್ಟು, ಸ್ವಲ್ಪ, ಬದಲಾಯಿಸಿ, ಹೀಗಂದವರನ್ನೆಲ್ಲ ಕತ್ತು ಹಿಡಿದು ನೂಕು ಅಂತ. ಅವನು ಬುದ್ಧಿವಂತ, ಕಲ್ತ. ಈಗ ನೋಡು, ಮೇಡಂ ಏನಂತ ಬರೆದಿದಾರೆ?" ಅವಳು ಓದಿದಳು: "'ನಿಮ್ಮ ಚಿತ್ರ ನಮಗೆ ತುಂಬಾ ಇಷ್ಟವಾಯಿತು. ದಯವಿಟ್ಟು ಬಾಲವನ್ನು ಸ್ವಲ್ಪ ಬದಲಾಯಿಸಿ.' ಪಾಪ, ಕಾವಲಿನವನದು ಏನು ತಪ್ಪು?"

ಕಿಡಿಗೆ ಸಿಟ್ಟು ಮಾಡಲು ಯಾರೂ ಸಿಗಲಿಲ್ಲ. ಒದೆಯಲು ಖಾಲಿ ಡಬ್ಬಿಯೊಂದು ಮಾತ್ರ ಸಿಕ್ಕಿತು. ಅದು ಉರುಳಿಕೊಂಡು ಅಣ್ಣನ ಕಾಲ ಬುಡಕ್ಕೆ ಹೋಯಿತು. ಅಣ್ಣ ಅದನ್ನು ಎತ್ತಿ ಕಪಾಟಿನ ಮೇಲಿಟ್ಟು, ನೀರುನಾಯಿಯ ಹಲಗೆಯನ್ನು ಗೋಡೆಯಿಂದ ಇಳಿಸಿ ತಮ್ಮನ ಮುಂದೆ ನಿಲ್ಲಿಸಿದ.

"ಹೂಂ" ಅಂದ. ಅಂದರೆ, ಕೆಲಸ ನೋಡು.

ಕಿಡಿ ಬಾಲ ಕೆರೆದ. ಕೊಳದ ದಂಡೆಯಲ್ಲಿ ಬೆನ್ನು ಹಾಕಿ ಕೂತ ಪ್ರಾಣಿ ಕಣ್ಣಲ್ಲೇ ಇತ್ತು. ಕೈ ತಡವರಿಸಲಿಲ್ಲ. ಬುಡಕ್ಕೆ ಕಂದು, ಮೇಲೆ ಒದ್ದೆ ಮೈಯ ಹೊಳಪು, ತುದಿಗೆ ಬರುತ್ತಾ ಒಂದೇ ಎಳೆತ. ಅಪ್ಪ ಕುರ್ಚಿಯಿಂದ ಎದ್ದು ಬಂದು ಹಿಂದೆ ನಿಂತರು, ಏನೋ ಹೇಳಲು ಬಾಯಿ ತೆರೆದರು, ಹೇಳಲು ಏನೂ ಸಿಗದೆ ಮುಚ್ಚಿದರು. ಆ ಅಂಗಡಿಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಹಸಿ ಬಣ್ಣ ಬಿಸಿಲಿಗೆ ಕನ್ನಡಿಯಂತೆ ಮಿಂಚುತ್ತಿತ್ತು. ಅಣ್ಣ ಹಾಸಿಗೆಯ ಮೇಲಿನ ಹೊದಿಕೆ ತಂದು ಎರಡು ಕೈಯಲ್ಲಿ ಅಗಲಿಸಿ ನೆರಳು ಹಿಡಿದ. ಅತ್ತಿಗೆ ಫೋಟೋ ತೆಗೆದಳು. ಇನ್ನು ಉಳಿದದ್ದು ಮೇಲ್ ಬರೆಯುವುದು.

"ನಾನು ಹೇಳ್ತೀನಿ, ಬರ್ಕೋ" ಅಂದರು ಅಪ್ಪ. ಮನೆಯಿಂದ ಹೊರಗೆ ಹೋಗುವ ಅಕ್ಷರ ಯಾವುದಾದರೂ ಅವರ ಅಧಿಕಾರಕ್ಕೆ ಸೇರಿದ್ದು, ಅದು ಹಲಗೆಯ ಮೇಲಿರಲಿ, ಪರದೆಯ ಮೇಲಿರಲಿ. "ಮೇಲ್ಗಡೆ ತುರ್ತು ಅಂತ ಹಾಕು. ಕೆಂಪಲ್ಲಿ. ಒಂದ್ಸಲ ಸಾಲದು, ಮೂರು ಸಲ ಹಾಕು. ಉದ್ಗಾರ ಚಿಹ್ನೆ ಎಲ್ಲಿ? ಹಾಕು, ಇನ್ನೂ ಹಾಕು, ಬಣ್ಣ ಖರ್ಚಾಗುತ್ತಾ ಏನು? ಕೆಳಗೆ ಹಳದಿಯಲ್ಲಿ, ತಪ್ಪದೆ ನೋಡಿ, ಇಂದೇ ನೋಡಿ. ಅಕ್ಷರ ದೊಡ್ಡದು ಮಾಡು. ಇನ್ನೂ ದೊಡ್ಡದು."

"ಒಂದು ಬೋರ್ಡು ಉಚಿತ ಅಂತಲೂ ಹಾಕಿ" ಅಂದ ಕಿಡಿ, ಉತ್ಸಾಹ ಉಕ್ಕಿ.

ಚಿತ್ರವನ್ನು ಇದ್ದಷ್ಟು ದೊಡ್ಡದಾಗಿ ನಡುವೆ ಕೂರಿಸಿದರು. ಅಂಚಿಗೆ ಹೂಬಳ್ಳಿ ಬಂತು. ಆಮೇಲೆ, ಸಂಪ್ರದಾಯ ತಪ್ಪಬಾರದಲ್ಲ, ಅಣ್ಣ ಕಂಪ್ಯೂಟರಿನ ಪರದೆಯನ್ನು ಬೀದಿಯ ಕಡೆಗೆ ತಿರುಗಿಸಿದ. ಅಪ್ಪ ರಸ್ತೆ ದಾಟಿ ಕ್ಷೌರಿಕನ ಕಟ್ಟೆ ಹತ್ತಿದರು.

"ತುರ್ತು! ತುರ್ತು! ತುರ್ತು!" ಅಂತ ಅಲ್ಲಿಂದ ಓದಿದರು.

"ಯಾರಿಗೆ ಏನಾಯ್ತು?" ಅಂತ ಸೋಪಿನ ಮುಖವೊಂದು ಗಾಬರಿಯಿಂದ ಹೊರಗೆ ಬಂತು.

"ಪಾಸು!" ಅಂದರು ಅಪ್ಪ. ಅತ್ತಿಗೆ ಕಳಿಸಿದಳು.

ಮೇಡಂ ಮೇಲ್‌ನ ಕೊನೆಯಲ್ಲಿದ್ದ ನಂಬರಿಗೆ ಕಿಡಿ ಫೋನ್ ಹಚ್ಚಿದ. "ಬಂತಾ ಮೇಡಂ?"

"ಇಲ್ವಲ್ಲ."

"ಈಗ ನೋಡಿ."

"ನೋಡ್ತಾನೇ ಇದೀನಿ. ಏನೂ ಇಲ್ಲ."

ಮತ್ತೆ ಕಳಿಸಿದರು. ಮತ್ತೆ ಇಲ್ಲ. ಗೋಡೆಯ ಗಡಿಯಾರದ ಮುಳ್ಳು ನಾಲ್ಕು ದಾಟಿತ್ತು. ಫೋನ್ ಅತ್ತಿಗೆಯ ಕೈಗೆ ಹೋಯಿತು. ಅವಳು ಹಾಂ, ಹೌದಾ, ಹೌದು ಕೆಂಪು, ಹೌದು ತುಂಬಾ ಇವೆ, ಉಚಿತ ಅಂತಲೂ ಇದೆ ಮೇಡಂ, ಅಂತ ಒಂದೊಂದಕ್ಕೂ ದನಿ ಇಳಿಸುತ್ತಾ ಹೋಗಿ ಫೋನ್ ಇಟ್ಟಳು.

"ಅವರ ಬಾಗಿಲಲ್ಲೂ ಒಬ್ಬ ಕಾವಲಿನವನು ಇದಾನಂತೆ" ಅಂದಳು. "ಇಡೀ ಕಚೇರಿಗೆ ಒಬ್ಬನೇ, ಅವನ ಕೀಲಿ ಮೇಡಂ ಕೈಯಲ್ಲಿಲ್ಲ. ಕೂಗೋರನ್ನ ಅವನು ಒಳಗೆ ಬಿಡಲ್ವಂತೆ. ಕೆಂಪು ಅಕ್ಷರ, ರಾಶಿ ಉದ್ಗಾರ, ಉಚಿತ, ತುರ್ತು, ಇವೆಲ್ಲ ಮೋಸದ ಮೇಲ್ ಕಳಿಸೋರ ವೇಷವಂತೆ. ನಮ್ಮದೂ ಅದೇ ವೇಷ ಹಾಕ್ಕೊಂಡು ಹೋಗಿ ಬಾಗಿಲು ಬಡಿದಿದೆ."

"ನಾನು ಮೋಸಗಾರನಾ?" ಅಪ್ಪನ ಮೀಸೆ ಕುಣಿಯಿತು.

"ಅಲ್ಲ ಮಾವ. ಆದ್ರೆ ಮೋಸಗಾರರೂ ನಿಮ್ಮ ಹಾಗೇ ರಸ್ತೆ ಆಚೆಯಿಂದ ಕಾಣೋ ಹಾಗೆ ಬರೀತಾರಂತೆ."

ಕಿಡಿ ತಟ್ಟನೆ ತಲೆ ಎತ್ತಿದ. "ಹಾಗಾದ್ರೆ... ನಮ್ಮ ಮೇಲ್ ಬಂದಿಲ್ಲ ಬಂದಿಲ್ಲ ಅಂತಿದ್ದ ಗಿರಾಕಿಗಳೆಲ್ಲ..."

"ಹೂಂ. ನೀನು ಸುಳ್ಳುಬುರುಕರು ಅಂತ ಬೈದು ಬಂದ್ಯಲ್ಲ, ಅವರೇ. ಪಾಪ, ಅವರ ಮನೆವರೆಗೂ ನಮ್ಮ ಮೇಲ್ ಹೋಗೇ ಇಲ್ಲ."

ಅತ್ತಿಗೆ ಗಡಿಯಾರದ ಕಡೆ ನೋಡಿದಳು. "ಮೇಡಂ ಹೇಳಿದಾರೆ, ಅವರು ಬರೆದ ಮೇಲ್‌ಗೇ ಉತ್ತರ ಬರೀಬೇಕಂತೆ, ಹೊಸದು ಬೇಡ. ಮನುಷ್ಯ ಮನುಷ್ಯನ ಹತ್ರ ಮಾತಾಡೋ ಹಾಗೆ ಬರೀಬೇಕು. ಕಪ್ಪು ಅಕ್ಷರ. ಸಣ್ಣ ಫೋಟೋ. ಬಾ ಕಿಡಿ, ಕೂತ್ಕೋ. ಕೆಲಸ ನಿಂದು, ನೀನೇ ಬರಿ."

ಕಿಡಿ ಕೂತ. ಮುಳ್ಳಿನ ಮೇಲೆ ಕೂತ ಹಾಗೆ ಕೂತ. ಮೆತ್ತಗೆ ಮಾತಾಡುವುದು ಹೇಗೆ ಅನ್ನುವುದು ಅವನಿಗೆ ಹುಟ್ಟಿನಿಂದಲೂ ಗೊತ್ತಿರಲಿಲ್ಲ. ಮೊದಲ ಸಾಲಿನ ಕೊನೆಗೆ ಬೆರಳು ತಾನಾಗಿಯೇ ಉದ್ಗಾರ ಚಿಹ್ನೆಗೆ ಹೋಯಿತು. ಅತ್ತಿಗೆ ಕೆಮ್ಮಿದಳು. ಅಳಿಸಿದ. ಎರಡನೆಯ ಸಾಲಿಗೆ ಮತ್ತೆ ಹೋಯಿತು. ಮತ್ತೆ ಕೆಮ್ಮು.

"ನಿಮಗೆ ಕ್ಷಯ ಹಿಡಿದಿದೆಯಾ ಅತ್ತಿಗೆ?"

"ನಿನ್ನ ಬೆರಳಿಗೆ ಹಿಡಿದಿರೋದು ಬಿಟ್ಟರೆ ನಂಗೂ ಬಿಡುತ್ತೆ."

ಬೆವರು ಸುರಿಸಿ, ತುಟಿ ಕಚ್ಚಿ, ಅವನು ಕೊನೆಗೂ ಬರೆದ:

'ಮೇಡಂ, ನಮಸ್ಕಾರ. ಬಾಲ ತಪ್ಪಾಗಿತ್ತು. ಇವತ್ತು ನಿಮ್ಮ ಕೊಳದ ಹತ್ತಿರ ನೋಡಿದ ಮೇಲೆ ಗೊತ್ತಾಯಿತು. ತಿದ್ದಿದ್ದೇನೆ, ಚಿತ್ರ ಜೊತೆಗಿದೆ. ಈ ಕೆಲಸ ಮಾಡಲು ನನಗೆ ತುಂಬಾ ಆಸೆ ಇದೆ. ಬೋರ್ಡು ಅಂಗಡಿಯ ಕಿರಿಯವನು.'

ಅತ್ತಿಗೆ ಒಮ್ಮೆ ಓದಿದಳು. ಮತ್ತೊಮ್ಮೆ ಓದಿದಳು. ಈ ಸಲ ಕೆಮ್ಮಲಿಲ್ಲ. ಅಭ್ಯಾಸಬಲದಿಂದ ಅಣ್ಣ ಪರದೆಯನ್ನು ಬೀದಿಗೆ ತಿರುಗಿಸಿದ. ಅಪ್ಪ ರಸ್ತೆ ದಾಟಿ ಕಟ್ಟೆಯ ಮೇಲೆ ನಿಂತು, ಕಣ್ಣು ಕಿರಿದು ಮಾಡಿ, ಕತ್ತು ಚಾಚಿ ನೋಡಿದರು.

"ಏನೂ ಕಾಣ್ತಿಲ್ಲ!" ಅಂತ ಕೂಗಿದರು. "ಸುಣ್ಣದ ಗೋಡೆ ಮೇಲೆ ಇರುವೆ ಹರಿದ ಹಾಗಿದೆ! ಫೇಲು!"

"ಇದು ಮೂಗಿನ ಹತ್ರ ಇಟ್ಕೊಂಡು ಓದೋದು ಮಾವ! ಈಚೆ ಬನ್ನಿ!"

ಅಪ್ಪ ಗೊಣಗುತ್ತಾ ಈಚೆ ಬಂದು, ಪರದೆಗೆ ಮೂಗು ತಾಗಿಸುವಷ್ಟು ಬಗ್ಗಿ ಓದಿದರು. ಓದುತ್ತಾ ಓದುತ್ತಾ ಗೊಣಗಾಟ ನಿಂತಿತು. ಮಗನ ಕಡೆಯಿಂದ ತಪ್ಪಾಗಿತ್ತು ಅನ್ನುವ ಮಾತನ್ನು ಅವರು ಕಂಡದ್ದು ಅದೇ ಮೊದಲು.

"ಕಳಿಸು" ಅಂದರು ಮೆತ್ತಗೆ. "ಅಕ್ಷರ ಸಣ್ಣದಾಯ್ತು, ಇರ್ಲಿ."

ಕಳಿಸಿದರು. ಫೋನ್ ಹಚ್ಚಿದರು. ಕ್ಷೌರಿಕನೂ ಕತ್ತರಿ ನಿಲ್ಲಿಸಿ, ಕಟ್ಟೆಯ ಮೇಲೆ ಬಂದು ಕೂತು, ಕಿವಿ ಇತ್ತ ಕೊಟ್ಟಿದ್ದ.

"ಬಂತು" ಅಂದರು ಮೇಡಂ. ಆಮೇಲೆ ಚಿತ್ರ ತೆರೆದು, "ಆಹಾ. ಬಾಲ!" ಅಂದರು.

ಕಿಡಿ ಕಿರುಚಿದ ರಭಸಕ್ಕೆ ಕಪಾಟಿನ ಮೇಲಿನ ಖಾಲಿ ಡಬ್ಬಿ ಮತ್ತೆ ಕೆಳಗೆ ಬಿತ್ತು.

ಸಮಿತಿ ಏನು ಹೇಳುತ್ತದೋ ಅನ್ನುವುದು ನಾಳೆಯ ಮಾತು. ಅಲ್ಲಿಯವರೆಗೆ ಸುಮ್ಮನೆ ಕೂರಲಾಗದೆ ಕಿಡಿ ಸ್ಪ್ಯಾಮ್ ಪೆಟ್ಟಿಗೆ ತೆಗೆದು ಬಂದಿಗಳ ಬಿಡುಗಡೆಗೆ ಕೂತ. 'ಸ್ಪ್ಯಾಮ್ ಅಲ್ಲ' ಅನ್ನುವುದನ್ನು ಎಲ್ಲಿ ಒತ್ತಬೇಕು ಅಂತ ಅತ್ತಿಗೆ ತೋರಿಸಿದಳು. ಮೃಗಾಲಯದ ವಿಳಾಸವನ್ನು ಪರಿಚಯದವರ ಸಾಲಿಗೆ ಸೇರಿಸಿಕೊಂಡರು, ಕಾವಲಿನವನು ಇನ್ನು ಅವರ ಮುಖ ನೋಡಿ ಬಾಗಿಲು ತೆರೆಯಲಿ ಅಂತ. ಹಲ್ಲಿನ ಡಾಕ್ಟರು ಹೊರಬಂದರು. ಟೈಲರಮ್ಮ ಹೊರಬಂದಳು. ಹೆಡ್‌ಮಿಸ್ಸಿನ ಮೇಲ್ ಬಿಡುವ ಮುನ್ನ ಮತ್ತೊಮ್ಮೆ ಓದಿ ಕಿಡಿಗೆ ಮತ್ತೊಮ್ಮೆ ಸಿಟ್ಟು ಬಂತು, ಆದರೂ ಬಿಟ್ಟ. ಚಿಕ್ಕಪ್ಪನ ಗುಲಾಬಿಗಳ ಮುಂದೆ ಕೈ ನಿಂತಿತು.

"ಬಿಡಲಾ ಅಪ್ಪಾ?"

"ಒಂದು ಹೂವು ಬಿಡು" ಅಂದರು ಅಪ್ಪ. "ಮಿಕ್ಕಿದ್ದು ಅಲ್ಲೇ ಬಾಡ್ಲಿ."

ಮರುದಿನ ಬೆಳಗ್ಗೆ ಕಿಡಿ ಎದ್ದು ಬರುವಷ್ಟರಲ್ಲಿ ಅಪ್ಪ ಬೆತ್ತದ ಕುರ್ಚಿ ಬಿಟ್ಟು ಕುಂಚ ಹಿಡಿದು ಕೂತಿದ್ದರು. ನಡುಗುವ ಬಲಗೈಯನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಅಂಗೈ ಅಗಲದ ಹಲಗೆಯೊಂದಕ್ಕೆ ಏನೋ ಬರೆಯುತ್ತಿದ್ದರು. ಅವನು ನೋಡಲು ಹೋದಾಗ ಮರೆಮಾಡಿಕೊಂಡರು. ಅಷ್ಟರಲ್ಲಿ ಅತ್ತಿಗೆ ಕೂಗಿದಳು.

"ಕಿಡಿ! ಮೃಗಾಲಯ! ಒಳಗೇ ಬಂದಿದೆ, ಇನ್‌ಬಾಕ್ಸಿಗೇ!"

ಅವನು ಹಾರಿ ಬಂದು ಪರದೆಗೆ ಅಂಟಿಕೊಂಡ. ಕೆಲಸ ನಿಮಗೇ ಅಂತ ಸಮಿತಿ ಒಪ್ಪಿತ್ತು. ಎಲ್ಲ ಪ್ರಾಣಿಗಳೂ, ಎಲ್ಲ ಹಕ್ಕಿಗಳೂ. ಅವನ ಎದೆ ಗಾಳಿ ತುಂಬಿದ ಚೆಂಡಿನ ಹಾಗೆ ಉಬ್ಬಿತು. ಆಮೇಲೆ ಕೆಳಗಿನ ಸಾಲುಗಳಿಗೆ ಕಣ್ಣು ಹೋಯಿತು.

"'ದಯವಿಟ್ಟು ನೀರುನಾಯಿಯ ಮೀಸೆಯನ್ನು ಸ್ವಲ್ಪ ಉದ್ದ ಮಾಡಿ. ಕಣ್ಣನ್ನು ಸ್ವಲ್ಪ ಸಣ್ಣ ಮಾಡಿ. ಹಿನ್ನೆಲೆಯ ನೀಲಿಯನ್ನು ಸ್ವಲ್ಪ...' ಅತ್ತಿಗೆ! ಸ್ವಲ್ಪ, ಸ್ವಲ್ಪ, ಸ್ವಲ್ಪ! ಇದೇನು, ಇವರು ನನ್ನ ಹತ್ರ ಬೋರ್ಡು ಬರೆಸ್ತಾರೋ, ಪ್ರಾಣ ತೆಗೀತಾರೋ?"

ಮೌಸ್ ಹಿಡಿದ ಅವನ ಕೈ ತಾನಾಗಿಯೇ ಎಂಟು ಮೂಲೆಯ ಕಡೆಗೆ ಏರಿತು. ಅಷ್ಟರಲ್ಲಿ ಅಪ್ಪ ಪಕ್ಕದಿಂದ ಬಂದು ಪರದೆಯ ನೆತ್ತಿಗೆ ತಮ್ಮ ಪುಟ್ಟ ಹಲಗೆಯನ್ನು ಸಿಕ್ಕಿಸಿದರು. ಹಳದಿಯ ಮೇಲೆ ಕೆಂಪು, ಸುತ್ತ ಕಪ್ಪು ಅಂಚು, ಗೆರೆ ಅಲ್ಲಲ್ಲಿ ನಡುಗಿದ್ದರೂ ಎದ್ದು ಕಾಣುವ ದಪ್ಪ ಅಕ್ಷರ: 'ಆ ಬಟನ್ ಮುಟ್ಟಬೇಡ!'

"ಯಾವ ಬಟನ್ನೋ ಕಿಡಿ?" ರಸ್ತೆಯ ಆಚೆ ಬದಿಯಿಂದ ಕ್ಷೌರಿಕ ಕೂಗಿದ.

"ಪಾಸು!" ಅಂತ ಅಪ್ಪ ಚಪ್ಪಾಳೆ ತಟ್ಟಿದರು.

ಕಿಡಿ ಕ್ಷೌರಿಕನನ್ನು ಬೈದ. ಅಪ್ಪನನ್ನು ಬೈಯಲಾಗದೆ ಹಲಗೆಯನ್ನು ಬೈದ. ಬೈಯುತ್ತಾ ಬೈಯುತ್ತಲೇ ಮೌಸನ್ನು ಕೆಳಗಿಳಿಸಿ, 'ಆಗಲಿ ಮೇಡಂ. ತಿದ್ದಿ ಕಳಿಸುತ್ತೇನೆ.' ಅಂತ ಕಪ್ಪು ಅಕ್ಷರದಲ್ಲಿ ಬರೆದು, ಕೊನೆಗೊಂದು ಚುಕ್ಕೆಯನ್ನು ಕೀಲಿಮಣೆಯ ಮೇಲೆ ಸೇಡು ತೀರಿಸಿಕೊಳ್ಳುವವನ ಹಾಗೆ ಬಡಿದು ಕಳಿಸಿದ. ಆಮೇಲೆ ಅತೀ ಸಣ್ಣ ಕುಂಚ ಹುಡುಕಿಕೊಂಡು ನೀರುನಾಯಿಯ ಮೀಸೆಯ ಮುಂದೆ ಕೂತ.